ಎದುರು ಪಕ್ಷದ ಒಪ್ಪಿಗೆ

ಕಳೆದ ಶನಿವಾರ ನಾನು ಫೇಲಾದೆ.

ಮೂವತ್ತು ವರ್ಷ ಊರಿನ ಮಕ್ಕಳನ್ನು ಪಾಸು-ಫೇಲು ಮಾಡಿದ ಇತಿಹಾಸದ ಮಾಸ್ತರನನ್ನು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, ತುಂಬಿದ ಕ್ಲಾಸಿನ ಎದುರಿಗೆ, ಅತ್ಯಂತ ವಿನಯದಿಂದ ಫೇಲು ಮಾಡಿದಳು. ತೀರ್ಪು ನ್ಯಾಯವಾಗಿಯೇ ಇತ್ತು. ಮೇಲ್ಮನವಿಗೆ ಅವಕಾಶವಿಲ್ಲ.

ಆದದ್ದಿಷ್ಟು. ನಮ್ಮ ಗಂಗಾವತಿಯ ಶಾಲೆಯೊಂದರಲ್ಲಿ ಜಾಣ ಮಕ್ಕಳನ್ನು ಆರಿಸಿ ಶನಿವಾರ ಮಧ್ಯಾಹ್ನ ಸ್ಪೆಷಲ್ ಕ್ಲಾಸು ನಡೆಸುತ್ತಾರೆ. (ಉಳಿದ ಮಕ್ಕಳು ಆ ಹೊತ್ತಿಗೆ ಮನೆಗೆ ಹೋಗಿ ಕ್ರಿಕೆಟ್ ಆಡುತ್ತಿರುತ್ತಾರೆ. ಜಾಣರು ಯಾರು ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.) ಈ ಸಲ ಅಲ್ಲಿ ಎತ್ತಿಕೊಂಡ ವಿಷಯ 'ಸಂಘರ್ಷ'. ಒಬ್ಬೊಬ್ಬ ಮಾಸ್ತರೂ ಅದನ್ನು ತಮ್ಮ ತಮ್ಮ ಸಬ್ಜೆಕ್ಟಿನ ಕಡೆಯಿಂದ ಕಲಿಸಬೇಕು. ರಿಟೈರಾಗಿ ಮನೆಯಲ್ಲಿ ಕೂತ ನನಗೂ ಹೆಡ್ ಮೇಡಂ ಫೋನು ಮಾಡಿದರು.

"ಯುದ್ಧದ ಬಗ್ಗೆ ನಿಮ್ಮಷ್ಟು ಯಾರಿಗೆ ಗೊತ್ತೈತ್ರಿ ಸರ್?"

ನಾನು ಯಾವ ಯುದ್ಧಕ್ಕೂ ಹೋದವನಲ್ಲ. ಆದರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ನನಗಿಂತ ಮುಂಚೆ ವಿಜ್ಞಾನದವರು, ನೆಲಕ್ಕೂ ಕಾಲಿಗೂ ಘರ್ಷಣೆ ಇಲ್ಲದಿದ್ದರೆ ಒಂದು ಹೆಜ್ಜೆಯನ್ನೂ ಇಡಲಾಗದು ಎಂದು ಹೇಳಿಹೋಗಿದ್ದರು. ಕನ್ನಡದವರು, ಜಗಳವಿಲ್ಲದೆ ಕಥೆಯೇ ಇಲ್ಲ ಎಂದಿದ್ದರು. ಗಣಿತದವರು "ನಮ್ಮೊಳಗ ಜಗಳ ಇಲ್ಲ, ಉತ್ತರ ಒಂದ" ಎಂದು ಸಾರಿದ್ದರಂತೆ. ಅಷ್ಟಕ್ಕೇ ಇಬ್ಬರು ಹುಡುಗರು ಎದ್ದು ನಿಂತು ಅರ್ಧ ತಾಸು ಅವರ ಜೊತೆ ವಾದಕ್ಕಿಳಿದರಂತೆ.

ನಾನು ಒಂದು ಶಾಸನವನ್ನೇ ಹೊರಡಿಸಿದೆ. "ಮನ್ಯಾಗಿನ ಒಂದು ಜಗಳ ತಗೋರಿ. ನಿಮ್ಮ ಪರ ಅಲ್ಲ, ಎದುರಿನವರ ಪರ ವಾದ ತಯಾರ ಮಾಡ್ರಿ. ಅವರ ಮುಂದ ಹೇಳ್ರಿ. 'ಹೌದು, ನಾ ಅಂದದ್ದು ಇದನ್ನ' ಅಂತ ಅವರು ಒಪ್ಪಿದ್ರ ಪಾಸು. ಇಲ್ಲಂದ್ರ ಫೇಲು. ಯಾರಿಗೂ ವಿನಾಯಿತಿ ಇಲ್ಲ."

ಮುಂದಿನ ಬೆಂಚಿನಿಂದ ರೇಣುಕಾ ಕೈ ಎತ್ತಿದಳು. ಕುಷ್ಟಗಿ ಕಡೆಯ ಹುಡುಗಿ, ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಾಳೆ.

"ಮಾಸ್ತರಿಗೂ ಇಲ್ಲೇನ್ರಿ ಸರ್?"

"ಮಾಸ್ತರಿಗೂ ಇಲ್ಲ," ಎಂದೆ. ಶಾಸನ ಬರೆಯುವವರು ಮುಂದಿನದನ್ನು ಯೋಚಿಸುವುದಿಲ್ಲ. ಇತಿಹಾಸದ ತುಂಬ ಇದೇ ಇದೆ.

ಮನೆಗೆ ಬಂದು ಎದುರಾಳಿಯನ್ನು ಹುಡುಕತೊಡಗಿದೆ. ಹಾಲಿನವನಿಗೆ "ನಿನ್ನ ಹಾಲು ಬರೇ ನೀರಾಗೇತಲ್ಲೋ" ಎಂದೆ. "ಹೌದ್ರಿ ಸರ್," ಎಂದು ಕೈಮುಗಿದು ಹೋದ. ಪಕ್ಕದ ಮನೆಯವನು ಹಳೆಯ ಶಿಷ್ಯ. ನಾನು ಕೆಮ್ಮಿದರೂ ಎದ್ದು ನಿಲ್ಲುತ್ತಾನೆ. ಇಡೀ ಓಣಿ ನನ್ನ ಮಾತಿಗೆ ಹೌದು ಎನ್ನುತ್ತದೆ. ಇಂಥ ಗೌರವದೊಳಗೆ ಮನುಷ್ಯ ಬದುಕುವುದು ಹೇಗೆ?

ನನ್ನ ಸರಿಸಮಕ್ಕೆ ಜಗಳವಾಡಬಲ್ಲವರು ಈ ಊರಿನಲ್ಲಿ ಒಬ್ಬರೇ ಇದ್ದರು. ನನ್ನ ಹೆಂಡತಿ. ಅವಳು ತೀರಿಕೊಂಡು ಎರಡು ವರ್ಷವಾಯಿತು.

ನಾನು ಗಂಗಾವತಿಯವನು, ಕಾಲುವೆ ನೀರಿನ ಅನ್ನ ಉಂಡು ಬೆಳೆದವನು. ಅವಳು ಕುಷ್ಟಗಿಯವಳು, ಮಳೆ ನಂಬಿದ ನೆಲದ ಜೋಳದವಳು. ಸುತ್ತ ಇಷ್ಟು ರೈಸ್ ಮಿಲ್ಲುಗಳಿರುವಾಗ ಮನೆಯಲ್ಲಿ ರೊಟ್ಟಿ ಬಡಿಯುವುದು ಕಾಲುವೆಗೆ ಮಾಡುವ ಅವಮಾನ ಎಂಬುದು ನನ್ನ ವಾದ. ಅವಳದು ಬೇರೆ. ಮದುವೆಯಾದ ವಾರಕ್ಕೇ ಶುರುವಾದ ಯುದ್ಧ ಕೊನೆಯವರೆಗೂ ನಡೆಯಿತು. ನಡುವೆ ಒಪ್ಪಂದಗಳಾದವು, ಮುರಿದವು. ಬೆಳಿಗ್ಗೆ ರೊಟ್ಟಿ, ರಾತ್ರಿ ಅನ್ನ ಎಂಬ ಗಡಿರೇಖೆಯನ್ನು ಇಬ್ಬರೂ ದಾಟಿದೆವು.

ಈಗ ಯುದ್ಧ ಗೆದ್ದಿದ್ದೇನೆ. ಮೂರು ಹೊತ್ತೂ ಅನ್ನ. ವಿರೋಧ ಪಕ್ಷವೇ ಇಲ್ಲ.

ಶನಿವಾರ ಬಂತು. ಮಕ್ಕಳು ಒಬ್ಬೊಬ್ಬರೇ ಎದ್ದರು. ರೇಣುಕಾಳ ಜಗಳ ಅತ್ತೆಯ ಜೊತೆ, ಮೊಬೈಲಿನ ಸಲುವಾಗಿ. ಅತ್ತೆಯ ಪರ ಅವಳ ವಾದ ಹೀಗಿತ್ತು: "ದಿನಾ ನೀ ಸಾಲಿಂದ ಬರೂದ ಕಾಯ್ತೀನಿ. ಬಂದಾಕಿ ಫೋನಿನಾಗ ಮುಖ ಹಾಕ್ತಿ. ನಾ ಯಾರ ಜೋಡಿ ಮಾತಾಡ್ಲೆ?" ಆಮೇಲೆ ತನ್ನ ದನಿಯಲ್ಲಿ ಹೇಳಿದಳು: "ಅತ್ತಿ ಹೌದಂದ್ಳರಿ ಸರ್. ಅಂದು ನನ್ನ ಬಾಜೂಕ ಬಂದು ಕುಂತ್ಳರಿ."

ಪಾಸು.

"ಸರ್, ಈಗ ನಿಮ್ಮದ್ರಿ."

ಎದ್ದು ನಿಂತೆ. ಹೆಂಡತಿಯ ಪರವಾಗಿ, ಅವಳದೇ ಮಾತಿನಲ್ಲಿ ಹೇಳಿದೆ: "ಅನ್ನ ಉಂಡು ಕೈ ತೊಳಿಯೂದ್ರಾಗ ಹಸಿವಿ ಬಾಗಲಕ್ಕ ಬಂದು ನಿಂತಿರ್ತೈತಿ. ಅದೂ ಇರ್ಲಿ. ನಾ ರೊಟ್ಟಿ ಬಡಿಯಾಕ ಕುಂತ್ರ, ಆ ಸಪ್ಪಳಕ್ಕ ಈ ಮನ್ಯಾಗ ಮಂದಿ ಅದಾರ ಅಂತ ಓಣಿಗೆಲ್ಲ ಗೊತ್ತಾಗತೈತಿ. ಅನ್ನಕ್ಕೇನ್ರಿ? ಯಾರೂ ಇಲ್ಲದಿದ್ರೂ ಕುಕ್ಕರ್ ತಾನ ಸೀಟಿ ಹೊಡೀತೈತಿ."

ರೇಣುಕಾ ನಕ್ಕಳು. "ಥೇಟ್ ನಮ್ಮವ್ವ ಮಾತಾಡಿದಂಗ ಐತ್ರಿ ಸರ್! ಅವರು ಹೌದಂದ್ರೇನ್ರಿ?"

ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಡ್ ಮೇಡಂ ಜೋರಾಗಿ ಕೆಮ್ಮಿದರು. ಅವರಿಗೆ ಗೊತ್ತು. ಮಕ್ಕಳಿಗೆ ಗೊತ್ತಿಲ್ಲ.

"ಇನ್ನೂ ಇಲ್ಲವ್ವಾ," ಎಂದೆ.

"ಹಂಗಾದ್ರ ಪಾಸ್ ಆಗಲಿಲ್ರಿ. ರೂಲ್ಸ್ ನೀವ ಮಾಡೀರಿ ಸರ್." ನಂತರ, ಪಾಪ ಅನ್ನಿಸಿರಬೇಕು, "ಇವತ್ತ ಮನಿಗೆ ಹೋಗಿ ಕೇಳ್ರಿ," ಎಂದು ಸೇರಿಸಿದಳು.

ಜಾಣ ಮಕ್ಕಳನ್ನು ಯಾಕೆ ಜಾಣರು ಎನ್ನುತ್ತಾರೆ ಗೊತ್ತೇ? ನಾವು ಹೇಳಿದ್ದನ್ನು ನಿಜವಾಗಿ ಕೇಳಿಸಿಕೊಂಡಿರುತ್ತಾರೆ.

ಸಂಜೆ ಬರುವಾಗ ಖಾನಾವಳಿಯಲ್ಲಿ ನಾಲ್ಕು ಜೋಳದ ರೊಟ್ಟಿ ಕಟ್ಟಿಸಿಕೊಂಡೆ. ಮನೆಗೆ ಬಂದವನು ರೂಢಿಯಂತೆ ಅಕ್ಕಿ ತೊಳೆದು ಕುಕ್ಕರೂ ಇಟ್ಟೆ. ಆಮೇಲೆ ತಟ್ಟೆ ಮುಂದಿಟ್ಟುಕೊಂಡು ಶೇಂಗಾ ಚಟ್ನಿಯ ಜೊತೆ ರೊಟ್ಟಿ ಮುರಿದೆ. ಚೆನ್ನಾಗಿತ್ತು. ಮೊದಲಿನಿಂದಲೂ ಚೆನ್ನಾಗಿಯೇ ಇತ್ತೋ ಏನೋ.

"ಆತ್ ಬಿಡು, ರೊಟ್ಟಿನ ಛಲೋ. ನೀನ ಗೆದ್ದಿ," ಎಂದು ಗಟ್ಟಿಯಾಗಿಯೇ ಹೇಳಿದೆ.

ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹೊಡೆಯಿತು.

ಸೋತೆನೆಂದು ಹೇಳಿಕೊಳ್ಳುವುದಕ್ಕೂ ಎದುರಿಗೆ ಒಬ್ಬರು ಬೇಕಲ್ಲ, ಇದು ಯಾವ ಸಬ್ಜೆಕ್ಟಿನಲ್ಲಿ ಬರುತ್ತದೆ?