ಅತ್ತಿ ಪುಡಿ, ಓಣಿ ಉಪವಾಸ

ಡಬ್ಬಿ ಮುಚ್ಚಳ ತೆಗದ ಕೂಡ್ಲೇ ವೆನಿಲಾ ವಾಸನಿ ಗಪ್ಪಂತ ಮೂಗಿಗಿ ಬಡೀತು. ಈ ಚಳಿಗಾಲದಾಗ ನನ್ನ ಹಿಮ್ಮಡಿ ಬೀದರ ಕೋಟಿ ಗ್ವಾಡಿಹಂಗ ಬಿರುಕು ಬಿಟ್ಟಾವ. ಭಾಲ್ಕಿಯಿಂದ ಬಂದಿದ್ದ ಮಗಳು ನೋಡಿ, ಜಬರದಸ್ತಿಯಿಂದ ಡಾಕ್ಟರ ಹತ್ರ ಕರಕೊಂಡು ಹೋದಳು. ಅವರು ಬರದು ಕೊಟ್ಟ ಪ್ರೋಟೀನ್ ಪುಡಿ ಇದು. ಆದ್ರ ಈ ವಾಸನಿ ನನಗ ಹೊಸಾದಲ್ರಿ. ನಮ್ಮ ಅತ್ತಿ ಕಾಲದ್ದು.

ಅತ್ತಿ ಔರಾದ ಕಡೆಯವರು. ಒಂದು ಚಳಿಗಾಲ ಜ್ವರ ಬಂದು ಮಲಗಿದವರು ಏಳೂದ್ರಾಗ ಎಲುಬಿನ ಹಂದರ ಆಗಿದ್ರು. ಹಿಮ್ಮಡಿ ಸೀಳಿ ಗಾಯ ಆಗಿತ್ತು. ಮುಲಾಮು, ಕೊಬ್ಬರಿ ಎಣ್ಣಿ, ಏನ ಹಚ್ಚಿದ್ರೂ ಕೂಡವಲ್ದು.

"ಒಳಗ ಶಕ್ತಿನೇ ಇಲ್ಲ, ಹೊಸಾ ಚರ್ಮ ಎಲ್ಲಿಂದ ಬರಬೇಕ್ರಿ?" ಅಂದ್ರು ಡಾಕ್ಟರು. "ಈ ಪುಡಿ ಹಾಲಿನಾಗ ಹಾಕಿ ದಿನಾ ಕುಡಸ್ರಿ. ಗಾಯ ಕೀವು ಹಿಡದ್ರ ಕಾಲಿಗೇ ಕುತ್ತು."

ಡಬ್ಬಿ ಮ್ಯಾಲ ಡಬ್ಬಿ ತಂದೆ. ಡಬ್ಬಿ ಖಾಲಿ ಆಗ್ತಿದ್ದವು, ಗಾಯ ಮಾತ್ರ ಇದ್ದಂಗೇ ಇತ್ತು. ಒಂದಿನ ಸಾಲಿ ಲಗೂ ಬಿಟ್ಟಿತು. ಪಾಠ ಹೇಳೂದು ಮುಗಿಸಿ ಮನಿಗಿ ಬಂದು ನೋಡ್ತೇನಿ, ಪಡಸಾಲಿನಾಗ ದರ್ಬಾರ! ಓಣಿ ಹೆಣ್ಮಕ್ಕಳು, ಹಾಲಿನವ, ನಾವು ಖಾಲಾ ಅಂತ ಕರಿಯೂ ಬಾಜೂ ಮನಿ ಮುಸಲ್ಮಾನ ಚಿಗವ್ವ, ಎಲ್ಲಾರ ಕೈಯಾಗೂ ಪುಡಿ ಕಲಸಿದ ಹಾಲು. ಅತ್ತಿ ಕೈಯಾಗ ಬರೇ ಖಾಲಿ ಪಾತೇಲಿ.

ನನ್ನ ಪಿತ್ತ ನೆತ್ತಿಗೇರ್ತು. "ಇದೇನು ಚಾ ಏನ್ರಿ ಅತ್ತಿ? ಔಷಧಾರಿ ಇದು!"

"ಹಾಲಿನಾಗ ಹಾಕಿ ಕುಡ್ಯೂದಕ್ಕ ಯಾರರ ಔಷಧ ಅಂತಾರೇನ? ಬಂದವರ ಕಣ್ಣ ಮುಂದ ಒಬ್ಬಾಕಿನೇ ಗಟಗಟ ಕುಡದ್ರ ಮೈಗಿ ಹತ್ತತದೇನ?"

ಅತ್ತಿ ಸಂಗಟ ವಾದ ಮಾಡಿ ಗೆದ್ದವರಿಲ್ಲ. ಮರುದಿನ ನಾ ಮನಿ ಮನಿಗಿ ಹೋಗಿ ಕೈ ಮುಗದೆ: "ಅತ್ತಿ ಗ್ಲಾಸು ಕೊಡಲಿಕ್ಕೆ ಬಂದ್ರ ಉಪವಾಸ ಅಂತ ಹೇಳ್ರಿ."

ಆಮ್ಯಾಲ ನಮ್ಮ ಓಣಿ ಭಕ್ತಿ ಏನ್ ಕೇಳ್ತೀರಿ! ಒಬ್ಬಾಕಿಗಿ ಸೋಮವಾರ, ಒಬ್ಬಾಕಿಗಿ ಸಂಕಷ್ಟಿ, ಹಾಲಿನವಗ ಯಾವುದೋ ಹರಕಿ. ಖಾಲಾ ಅಂತೂ "ಮೇರಾ ರೋಜಾ ಹೈ, ನಂದು ಉಪವಾಸ" ಅಂದಳು. ರಂಜಾನ ಎಲ್ಲಿ, ಈಕಿ ರೋಜಾ ಎಲ್ಲಿ! ಅತ್ತಿ ಆಕಿ ಮಾರಿ ಒಂದು ಗಳಿಗಿ ನೋಡಿದರು. ಗ್ಲಾಸು ಎತ್ತಿ ತಾವೇ ಕುಡದರು.

ಸಂಕ್ರಾಂತಿ ದಾಟೂದ್ರೊಳಗ ಗಾಯ ಕೂಡಿತು. ಒಣಗಿದ ಕೈಕಾಲಿಗಿ ಕಳಾ ಬಂತು. ನಾ ಬೀಗಿಕೊಂತ ಕೇಳೇಬಿಟ್ಟೆ: "ನೋಡ್ರಿ ಅತ್ತಿ, ಒಬ್ಬರೇ ಕುಡದದ್ದು ಮೈಗಿ ಹತ್ತಿತೋ ಇಲ್ಲೋ?"

"ಹುಚ್ಚಿ, ಒಬ್ಬಾಕಿ ಎಲ್ಲಿ ಕುಡದೆ? ನನ್ನ ಸಲುವಾಗಿ ಓಣಿ ಮಂದಿ ಎಲ್ಲಾ ಬಾಯಿ ಕಟ್ಟಿದ್ರು. ಅದಕ್ಕ ಹತ್ತೇದ."

ಅತ್ತಿ ಈಗ ಇಲ್ಲ. ಇವತ್ತು ಸಾಲಿಗಿ ರಜಾ, ನಮ್ಮನಿಯವರು ಗಾಂಧಿ ಗಂಜ ಬಜಾರಕ್ಕ ಹೋಗ್ಯಾರ. ಗ್ಲಾಸು ಹಿಡದು ಒಬ್ಬಾಕಿನೇ ಕುಂತೇನಿ, ಖರೇ ಹೇಳ್ತೇನಿ, ಒಂದು ಗುಟುಕೂ ಗಂಟಲಾಗ ಇಳೀವಲ್ದು. ಅತ್ತಿ ನೆನಪಾಗಿ ಕಣ್ಣಾಗ ನೀರು ಬಂದವು.

ಅಷ್ಟರಾಗ ಭಾಲ್ಕಿಗಿ ವಾಪಸ್ ಹೋದ ಮಗಳ ಫೋನ್ ಬಂತು. "ಪುಡಿ ಕುಡದೇನಮ್ಮಾ?"

"ಕುಡೀತೇನಿ," ಅಂದೆ. "ಮುಗಿಯೂತನಕ ಫೋನ್ ಇಡಬ್ಯಾಡ ನೋಡವ್ವ."