ಚುಕ್ಕಿ ತೆಗೆದು ಎರಡು ಕೋಲನ್

ನಮ್ಮ ಆಫೀಸಿನಲ್ಲಿ ಒಂದು ಚುಕ್ಕಿಗಾಗಿ ಮೂರು ತಿಂಗಳು ಜಗಳವಾಡಿದೆವು ಎಂದರೆ ಜನ ನಗುತ್ತಾರೆ. ನಗಲಿ. ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ವಾಸ್ಕೊದಲ್ಲಿರುವ ನಮ್ಮ ಸಣ್ಣ ಕಂಪನಿ ಕಾಂಕ್ರೀಟ್ ಕಲಸುವ ಯಂತ್ರಗಳಿಗೆಂದೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮಾಡಿದೆ. ಯಾವ ಕೆಲಸಕ್ಕೆ ಎಷ್ಟು ಸಿಮೆಂಟು, ಎಷ್ಟು ನೀರು ಎಂದು ಆಪರೇಟರುಗಳು ಅದರಲ್ಲಿ ಬರೆದಿಡುತ್ತಾರೆ. ದಾಬೋಲಿಮ್ ಪ್ಲಾಂಟಿನಲ್ಲಿ ಹಾಗೆ ಬರೆಯುತ್ತಿದ್ದವರು ನನ್ನ ಕಾಕಾ, ಅಪ್ಪನ ತಮ್ಮ; ನನ್ನನ್ನು ‘ತಂಗಿ’ ಎಂದೇ ಕರೆಯುವವರು. ಸಿಂದಗಿ ಕಡೆಯಿಂದ ಇಲ್ಲಿನ ಸಡಾ ಬಸ್ತಿಗೆ ಬಂದು ವರ್ಷಾನುಗಟ್ಟಲೆ ಸಿಮೆಂಟ್ ಚೀಲ ಹೊತ್ತವರು. ಬೆನ್ನು ಕೆಟ್ಟ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತು, ಕ್ಯಾಬಿನ್ನಿನ ಕುರ್ಚಿ ಸಂಪಾದಿಸಿದರು.

ಎಲ್ಲ ಪ್ಲಾಂಟಿನವರೂ ತಾರಸಿಯ ಮಿಶ್ರಣಕ್ಕೆ ‘ಸ್ಲಾಬ್’ ಎಂದು ಒಂದೇ ಹೆಸರಿಡುತ್ತಿದ್ದರು; ಒಬ್ಬರದು ಇನ್ನೊಬ್ಬರದನ್ನು ಅಳಿಸಿಹಾಕುತ್ತಿತ್ತು. ಕಾಕಾ ತಾವೇ ಉಪಾಯ ಮಾಡಿದರು. ದಾಬೋಲಿಮ್.ಸ್ಲಾಬ್, ವಾಸ್ಕೊ.ಸ್ಲಾಬ್. ಊರು ಮೊದಲು, ನಡುವೆ ಚುಕ್ಕಿ.

“ಸಡಾದಾಗ ಒಂದ ಹೆಸರಿನವ್ರು ಆರು ಮಂದಿ ಅದಾರ. ಸಿಂದಗಿಯಾಂವ, ಬಾದಾಮಿಯಾಂವ ಅಂತ ಊರು ಹಚ್ಚಿ ಕರೀತೀವಲ್ಲ, ಹಂಗ,” ಎಂದಿದ್ದರು. ಉಳಿದ ಆಪರೇಟರುಗಳೂ ಅದನ್ನೇ ಹಿಡಿದರು.

ವರ್ಷಗಳಾದ ಮೇಲೆ ನಮ್ಮ ಆಫೀಸಿನ ಜಾಣರಿಗೆ ಎಚ್ಚರವಾಯಿತು. ಭಾಷೆಗೆ ‘ನೇಮ್‌ಸ್ಪೇಸ್’ ಬೇಕು, ಅಂದರೆ ಒಂದೇ ಹೆಸರಿನ ಎರಡನ್ನು ಬೇರೆಬೇರೆಯಾಗಿಡುವ ಏರ್ಪಾಡು! ಅದಕ್ಕೆ ಯಾವ ಚಿಹ್ನೆ? ಚುಕ್ಕಿ ಇದೆಯಲ್ಲ ಎಂದೆ. ಆಗುವುದಿಲ್ಲವಂತೆ. ಚುಕ್ಕಿಗೆ ಇನ್ನು ಬೇರೆ ಕೆಲಸವಂತೆ: ಲಾರಿ.ತೂಕ ಎಂದರೆ ಲಾರಿಯ ತೂಕ. ಎರಡೂ ಕೆಲಸಕ್ಕೆ ಒಂದೇ ಚುಕ್ಕಿ ಇಟ್ಟುಕೊಂಡ ಭಾಷೆಗಳು ಬೇಕಾದಷ್ಟಿವೆ ಎಂದು ತೋರಿಸಿದೆ. ಯಾರು ಕೇಳಬೇಕು?

“ಆಪರೇಟರುಗಳು ಚುಕ್ಕಿಯನ್ನು ತಪ್ಪಾಗಿ ಬಳಸಿದ್ದಾರೆ. ಎರಡು ಕೋಲನ್ ಇರಲಿ. ಹಳೆಯದನ್ನು ಅವರೇ ತಿದ್ದಿಕೊಳ್ಳಲಿ,” ಎಂದರು ನಮ್ಮ ಮುಖ್ಯಸ್ಥರು.

ತಪ್ಪಾಗಿ! ಇವರಿಗೆ ಇಂದು ಹೊಳೆದದ್ದನ್ನು ಆ ಮನುಷ್ಯ ಎಂದೋ ಮಾಡಿ ಮುಗಿಸಿದ್ದ. ಹಳೆಯದನ್ನೆಲ್ಲ ತಾನೇ ತಿದ್ದುವ ಪ್ರೋಗ್ರಾಂ ಎರಡು ದಿನದಲ್ಲಿ ಬರೆದುಕೊಡುತ್ತೇನೆ ಎಂದೆ. ಅದಕ್ಕೆ ಪುರುಸೊತ್ತಿಲ್ಲವಂತೆ. ಮೂರು ತಿಂಗಳು ಚಹಾ ಕುಡಿಯುತ್ತ ಚಿಹ್ನೆ ಆರಿಸಲು ಮಾತ್ರ ಪುರುಸೊತ್ತಿತ್ತು!

ಆಪರೇಟರುಗಳಿಗೆ ಕಳಿಸುವ ಸುತ್ತೋಲೆ ಕೊನೆಯ ಪರಿಶೀಲನೆಗೆ ನನ್ನ ಬಳಿ ಬಂತು. ಸಿಟ್ಟು ನೆತ್ತಿಗೇರಿತ್ತು. ಏನಾದರೂ ಮಾಡಿಕೊಂಡು ಸಾಯಲಿ ಎಂದು ಓದದೆಯೇ ಒಪ್ಪಿಗೆ ಒತ್ತಿದೆ.

ಮರುವಾರ ದಾಬೋಲಿಮ್ ಪ್ಲಾಂಟ್ ನಿಂತುಹೋಯಿತು. ಲಾರಿಗಳು ಸಾಲುಗಟ್ಟಿದವು; ಎಲ್ಲೋ ಒಂದು ಕಟ್ಟಡದ ಸ್ಲಾಬ್ ಅರ್ಧಕ್ಕೇ ಉಳಿಯಿತು. ಕಾಕಾ ಹೆಸರುಗಳಲ್ಲಿದ್ದ ಚುಕ್ಕಿಗಳ ಜೊತೆಗೆ ಅಂಕಿಗಳಲ್ಲಿದ್ದವನ್ನೂ ತೆಗೆದಿದ್ದರು. ನೀರಿನ ಅಳತೆ 0.45 ಇದ್ದದ್ದು 0::45 ಆಗಿತ್ತು. ಯಂತ್ರಕ್ಕೆ ತಲೆಬುಡ ತಿಳಿಯಲಿಲ್ಲ. ಓದು ಬಾರದವನನ್ನು ಕೂರಿಸಿದರೆ ಹೀಗೇ ಎಂದು ಪ್ಲಾಂಟಿನ ಮ್ಯಾನೇಜರ್ ಕಾಕಾರನ್ನು ಕ್ಯಾಬಿನ್ನಿನಿಂದ ಇಳಿಸಿ, ಮತ್ತೆ ಚೀಲ ಹೊರಲು ಹಾಕಿದ.

ಮ್ಯಾನೇಜರನಿಗೆ ಬುದ್ಧಿ ಕಲಿಸಬೇಕೆಂದು ಓಡಿದೆ. ಕಾಕಾ ಚೀಲಗಳ ಪಕ್ಕ ಸೊಂಟ ಹಿಡಿದುಕೊಂಡು ನಿಂತಿದ್ದರು, ಹುಬ್ಬಿನ ಮೇಲೆಲ್ಲ ಸಿಮೆಂಟು. ಆದರೂ ಸಿಟ್ಟು ಅವರ ಮೇಲೇ ತಿರುಗಿತು.

“ಇಷ್ಟು ವರ್ಷ ಬರದವ್ರು ನೀವು. ಅಂಕಿಯೊಳಗಿನ ಚುಕ್ಕಿ ಯಾಕ ತಗದ್ರಿ ಕಾಕಾ? ಗೊತ್ತಾಗಲಿಲ್ಲೇನು?”

ಅವರು ಕಿಸೆಯಿಂದ ಸುತ್ತೋಲೆ ತೆಗೆದು ಕೊಟ್ಟರು. ‘ಚುಕ್ಕಿ ಇರುವ ಕಡೆಯಲ್ಲೆಲ್ಲ ಎರಡು ಕೋಲನ್ ಹಾಕತಕ್ಕದ್ದು.’ ಅಷ್ಟೇ ಇತ್ತು.

“ನನಗೂ ಸಂಶೇ ಬಂದಿತ್ತು ತಂಗಿ,” ಎಂದರು ಕಾಕಾ. “ಆದ್ರ ಆಫೀಸಿನಾಗ ನೀ ಅದೀಯಲ್ಲ. ನೀ ಓದೇ ಕಳಿಸಿರ್ತೀ ಅಂತ ಹಂಗ ಮಾಡಿದೆ.”