ಗುಳ್ಳವಲ್ಲ, ಗುಳ್ಳೆ

ನನ್ನ ಅತ್ತೆಯ ರಕ್ತನಾಳಕ್ಕೆ ಬದನೆಕಾಯಿ ಚುಚ್ಚುತ್ತಾರಂತೆ ಎಂಬ ಸುದ್ದಿ ಕಳೆದ ತಿಂಗಳು ಲಂಡನ್ನಿನ ನಮ್ಮ ಕ್ವೀನ್ಸ್‌ಬರಿಯ ಕನ್ನಡದವರಲ್ಲೆಲ್ಲ ಹಬ್ಬಿತ್ತು. ಹಬ್ಬಿಸಿದವರು ಸ್ವತಃ ಅತ್ತೆ. ಕಾರಣ ನಾನು.

ಆದದ್ದಿಷ್ಟು. ಅತ್ತೆಗೆ ನಮ್ಮ ಫ್ಲ್ಯಾಟಿನ ಮೆಟ್ಟಿಲು ಹತ್ತಿದರೆ ಏದುಸಿರು. ಮಾಮೂಲಿ ಸ್ಕ್ಯಾನಿನಲ್ಲಿ ಹೃದಯದ ಚಿತ್ರ ಮಸುಕು ಮಸುಕು. ಆಪರೇಷನ್ ಬೇಕೋ, ಮಾತ್ರೆ ಸಾಕೋ? ಹೇಳಲಾಗದು ಎಂದರು ಡಾಕ್ಟರಮ್ಮ. ಪಾಲಿಮರ್ ಹೊದಿಕೆಯ ಮೈಕ್ರೊಬಬಲ್ ಅಂತ ಹೊಸದೊಂದು ಬಂದಿದೆ, ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಚುಚ್ಚಿದರೆ ಚಿತ್ರ ನಿಚ್ಚಳವಾಗಬಹುದು, ಒಪ್ಪುವುದು ಬಿಡುವುದು ನಿಮ್ಮಿಷ್ಟ ಎಂದರು.

ನಾನು ಮೈಸೂರಿನವಳು. ‘ಸಣ್ಣ ಸಣ್ಣ ಗುಳ್ಳೆ’ ಅಂತ ಅನುವಾದಿಸಿದೆ. ಅತ್ತೆ ಕುಂದಾಪುರದವರು. ಅವರ ಕಡೆ ಗುಳ್ಳ ಅಂದರೆ ಉರುಟು ಬದನೆ! (ಇಲ್ಲಿ ಸಿಗುವ ಉದ್ದನೆಯ ನೇರಳೆ ದಾಂಡಿಗನನ್ನು ಅವರು ಬದನೆಯೆಂದು ಇವತ್ತಿಗೂ ಒಪ್ಪಿಲ್ಲ.)

ತಿದ್ದಲು ಹೋಗಿ ‘ಗಾಳಿಗುಳ್ಳೆ’ ಅಂದೆ. ಕೆಲಸ ಕೆಟ್ಟಿತು. ಖಾಲಿ ಸಿರಿಂಜಿನಿಂದ ಗಾಳಿ ಚುಚ್ಚಿ ಕೊಂದು ಆಸ್ತಿ ಹೊಡೆಯುವ ವಿಲನ್‌ಗಳನ್ನು ಟೆಂಟ್ ಸಿನಿಮಾದಲ್ಲಿ ನೋಡಿದ ತಲೆಮಾರು ಅದು. ಅತ್ತೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಸೊಸೆಯ ಬಾಯಲ್ಲಿ ಬರಬಾರದ ಮಾತು ಬಂದಿತ್ತು.

ಒಂದು ವಾರ ಸ್ಕ್ಯಾನಿನ ಸುದ್ದಿಯೇ ಇಲ್ಲ. ನನಗೋ ಒಳಗೊಳಗೇ ಭಯ. ನನ್ನ ಹಾಳು ಕನ್ನಡದಿಂದ ಅವರ ಹೃದಯದ ತೊಂದರೆ ಗೊತ್ತಾಗದೇ ಹೋದರೆ? ಕೊನೆಗೆ ಅತ್ತೆಯೇ ಡಾಕ್ಟರಮ್ಮನ ಹತ್ತಿರ ನಡಿ ಎಂದರು. ಅಲ್ಲಿ ಕೂತು ನನ್ನ ಮೊಣಕೈ ತಿವಿದರು.

“ಒಳ್ಗ್ ಬಿಡುದ್ ಅಡ್ಡಿಲ್ಲ. ಹೊರ್ಗ್ ಹ್ಯಾಂಗ್ ಹೋತ್ ಅಂದ್ ಕೇಣ್.”

ಕೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ನಾವೂ ತಲೆಕೆಡಿಸಿಕೊಂಡಿರುವುದು ಅದಕ್ಕೇ ಎಂದರು. ಗುಳ್ಳೆ ರಕ್ತಕಣಕ್ಕಿಂತ ಚಿಕ್ಕದು, ಎಲ್ಲೂ ಸಿಕ್ಕಿಕೊಳ್ಳಬಾರದು. ಒಳಗಿನ ಗ್ಯಾಸು ಉಸಿರಿನಲ್ಲೇ ಹೊರಟುಹೋಗುತ್ತದೆ. ಹೊದಿಕೆ ಮಾತ್ರ ನಿಧಾನ. ಕರಗುವ ಹೊಲಿಗೆ ಹಾಕುತ್ತಾರಲ್ಲ, ಅದೇ ಜಾತಿಯದು, ತಾನಾಗಿ ಕರಗುತ್ತದೆ. ಪೂರ್ತಿ ಹೋಯಿತೇ ಎಂದು ನೋಡಲು ಆಮೇಲೆ ರಕ್ತ ಪರೀಕ್ಷೆ. ಅತ್ತೆ ತೋಳು ಚಾಚಿದರು.

ಟ್ಯೂಬ್ ರೈಲಿನಲ್ಲಿ ಮನೆಗೆ ಬರುವಾಗ ಕೇಳಿದೆ, ಆ ಪ್ರಶ್ನೆ ಹೊಳೆದದ್ದು ಹೇಗೆ ಅಂತ.

“ವಿಮಾನ ಇಳ್ದಾಗ ಆ ಆಫೀಸರ್ ನನ್ನ ಒಳ್ಗ್ ಬಿಡುಕ್ ಮೊದ್ಲ್ ಎಂತ ಕೇಂಡ? ವಾಪಸ್ ಯಾವಾಗ ಹೋತ್ರಿ ಅಂದ್ ಅಲ್ದಾ?”

ಅಬ್ಬಾ, ಅತ್ತೆಯೇ! ಹೀಥ್ರೂ ಕೌಂಟರಿನಲ್ಲಿ ನಾವೆಲ್ಲ ಆ ಪ್ರಶ್ನೆಗೆ ಬೆವರಿದವರೇ. ಆದರೆ ಅದನ್ನು ತಿರುಗಿಸಿ ಯಾರನ್ನಾದರೂ ಕೇಳಿದ್ದೇವೆಯೇ? ಸೇಲಿನಲ್ಲಿ ಸೋಫಾ ತರುತ್ತೇವೆ, ಜಿಮ್ ಸೇರುತ್ತೇವೆ, ಊರಿನ ಸಂಘದ ಕಮಿಟಿಗೆ ಹೆಸರು ಕೊಡುತ್ತೇವೆ. ಹೊರಬರುವ ದಾರಿ ಕೇಳುವುದೇ ಇಲ್ಲ. (ಕಮಿಟಿಯಿಂದ ನಾನಿನ್ನೂ ಹೊರಬಂದಿಲ್ಲ.)

ಚಿತ್ರ ಕನ್ನಡಿಯ ಹಾಗೆ ಬಂತು. ಆಪರೇಷನ್ ಬೇಡ, ಮಾತ್ರೆ ಸಾಕು. ರಕ್ತ ಪರೀಕ್ಷೆಯಲ್ಲೂ ಎಲ್ಲ ಸರಿ. ಅತ್ತೆ ಈಗ ತಾವೇ ಅಂಗಡಿಗೆ ಹೋಗಿ ಬದನೆಕಾಯಿಗಳನ್ನು ಬೈದು, ಮೆಟ್ಟಿಲು ಹತ್ತಿ ಬರುತ್ತಾರೆ. ನನಗೆ ನೆಮ್ಮದಿ.

ಅಂದ ಹಾಗೆ, ಆ ಆಫೀಸರಿಗೆ ಅತ್ತೆ ಕೊಟ್ಟ ಉತ್ತರ ‘ಆರೇ ತಿಂಗಳು’. ಅದಾಗಿ ವರ್ಷಗಳೇ ಕಳೆದವು. (ಕಾಗದಪತ್ರ ಸರಿಯಿದೆ, ಗಾಬರಿ ಬೇಡ.)

ಹೋಗಬೇಕಾದ ಗುಳ್ಳೆಗಳು ಹೋದವು, ಇರಬೇಕಾದ ಅತ್ತೆ ಇದ್ದಾರೆ, ಇನ್ನೇನು ಬೇಕು?